ಮನೆತನದ ಮರ್ಯಾದೆಗಿಂತ ಮಗುವಿನ ಬದುಕು ದೊಡ್ಡದು

ಪ್ರತಿವರ್ಷ ಆಗಸ್ಟ್ 27ರಂದು ನಮ್ಮ ತಾಯಂದಿರು ಸಂತ ಮೋನಿಕಾರ ಹಬ್ಬವನ್ನು ಭಕ್ತಿಯಿಂದ ಆಚರಿಸುತ್ತಾರೆ. ದಾರಿ ತಪ್ಪಿದ ಮಗನಿಗಾಗಿ ವರ್ಷಾನುಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದ ಆ ಮಹಾತಾಯಿಯ ಚಿತ್ರ ನಮಗೆಲ್ಲ ಚಿರಪರಿಚಿತ. ಆದರೆ ಆಕೆಯ ಬಾಲ್ಯದ ಒಂದು ಪ್ರಸಂಗವನ್ನು ನಮ್ಮ ಪ್ರವಚನಗಳಲ್ಲಿ ಕೇಳುವುದು ಅಪರೂಪ. ಅದನ್ನು ಸ್ವತಃ ಮಗನಾದ ಸಂತ ಅಗಸ್ಟೀನರೇ ‘ಕನ್ಫೆಷನ್ಸ್’ ಎಂಬ ತಮ್ಮ ಆತ್ಮನಿವೇದನೆಯ ಗ್ರಂಥದ 9ನೆಯ ಭಾಗದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ.

4ನೆಯ ಶತಮಾನದ ಉತ್ತರ ಆಫ್ರಿಕಾದ ಒಂದು ಸಭ್ಯ ಕ್ರೈಸ್ತ ಕುಟುಂಬ. ಮನೆಯ ಹೆಣ್ಣುಮಕ್ಕಳ ಶಿಸ್ತನ್ನು ನೋಡಿಕೊಳ್ಳಲು ವಯಸ್ಸಾದ ಸೇವಕಿಯೊಬ್ಬಳಿದ್ದಳು. ಆಕೆ ಎಷ್ಟು ಕಟ್ಟುನಿಟ್ಟೆಂದರೆ, ಊಟದ ಹೊತ್ತಿನ ಹೊರತು ನೀರು ಕುಡಿಯುವುದಕ್ಕೂ ಮಕ್ಕಳಿಗೆ ಅಪ್ಪಣೆಯಿರಲಿಲ್ಲ. ಪೀಪಾಯಿಯಿಂದ ದ್ರಾಕ್ಷಾರಸ ತರುವ ಕೆಲಸವನ್ನು ಹೆತ್ತವರು ಬಾಲಕಿ ಮೋನಿಕಾಳಿಗೆ ಒಪ್ಪಿಸಿದ್ದರು. ಪಾತ್ರೆಗೆ ಸುರಿಯುವ ಮುನ್ನ ಆಕೆ ತುಟಿಯ ತುದಿಗೆ ಒಂದಿಷ್ಟು ತಾಗಿಸಿಕೊಳ್ಳತೊಡಗಿದಳು. ಆಸೆಯಿಂದಲ್ಲ, ಕೇವಲ ಎಳೆತನದ ತುಂಟತನದಿಂದ. ದಿನವೂ ಒಂದಿಷ್ಟು ಸೇರುತ್ತ ಹೋಗಿ, ಕಡೆಗೆ ಬಟ್ಟಲು ತುಂಬ ಕುಡಿಯುವ ಅಭ್ಯಾಸವೇ ಬೆಳೆಯಿತು. ಒಂದು ದಿನ ಜಗಳದ ನಡುವೆ ಜೊತೆಗಾರ್ತಿ ಸೇವಕಿಯೊಬ್ಬಳು ‘ಕುಡುಕಿ’ ಎಂದು ಹಂಗಿಸಿದಾಗ ಆಕೆಗೆ ನಾಚಿಕೆಯಾಯಿತು. ಅಂದಿಗೇ ಅದನ್ನು ಬಿಟ್ಟಳು.

ಸಾವಿರದ ಆರುನೂರು ವರ್ಷಗಳ ಹಿಂದಿನ ಈ ಚಿಕ್ಕ ಪ್ರಸಂಗದಲ್ಲಿ ಇಂದಿನ ಹೆತ್ತವರು ತಿಳಿಯಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು, ಚಟ ಆರಂಭವಾಗುವುದು ಚಟಕ್ಕಾಗಿ ಅಲ್ಲ. ಕುತೂಹಲಕ್ಕೆ, ತಮಾಷೆಗೆ, ಗೆಳೆಯರ ಮುಂದೆ ಹಿಂಜರಿಯಬಾರದೆಂಬ ಹುಡುಗಾಟಿಕೆಗೆ. ಎರಡನೆಯದು, ಆ ಮನೆಯಲ್ಲಿ ಕಟ್ಟಳೆಗೆ ಕೊರತೆಯಿರಲಿಲ್ಲ. ಆದರೆ ಉಗ್ರಾಣದಲ್ಲಿ ಏನು ನಡೆಯುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮೂರನೆಯದು, ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವ ಮಾತು: ಮಗುವನ್ನು ಪೀಪಾಯಿಯ ಬಳಿಗೆ ಕಳುಹಿಸಿದವರು ಹೊರಗಿನವರಾರೂ ಅಲ್ಲ, ಹೆತ್ತವರೇ.

ಮೋನಿಕಾ ಒಂದು ಚುಚ್ಚುಮಾತಿನಿಂದ ಎಚ್ಚೆತ್ತುಕೊಂಡಳು. ಎಲ್ಲ ಮಕ್ಕಳೂ ಹಾಗೆ ಎಚ್ಚೆತ್ತುಕೊಳ್ಳುವುದಿಲ್ಲ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ಅಭ್ಯಾಸಬಲವನ್ನು ಕುರಿತು ಹೇಳುವಾಗ ಕಲ್ಲೆಸೆಯುವವನ ಉಪಮೆಯನ್ನು ಕೊಡುತ್ತಾನೆ. ಕಲ್ಲು ಕೈಯಲ್ಲಿರುವ ತನಕ ಎಸೆಯುವುದೂ ಬಿಡುವುದೂ ನಮ್ಮ ವಶದಲ್ಲಿದೆ. ಕೈಬಿಟ್ಟ ಮೇಲೆ ಅದನ್ನು ಮರಳಿ ಕರೆಯುವ ಶಕ್ತಿ ನಮಗಿಲ್ಲ. ಹದಿಹರೆಯದ ಮಕ್ಕಳ ಕೈಯಲ್ಲಿ ಇಂದು ಆ ಕಲ್ಲು ಇದೆ. ಅದು ಕೈಬಿಡುವ ಮುನ್ನ ನಾವೇನು ಮಾಡಬಲ್ಲೆವು, ಕೈಬಿಟ್ಟ ಮೇಲೂ ಏನು ಮಾಡಬಲ್ಲೆವು ಎಂಬುದೇ ಈ ವಾರದ ವಿಚಾರ.

ಇದು ದೊಡ್ಡ ನಗರಗಳ ಸಮಸ್ಯೆ, ನಮ್ಮ ಮಕ್ಕಳಿಗೆ ಸಂಬಂಧಿಸಿದ್ದಲ್ಲ ಎಂಬ ಸಮಾಧಾನ ಬೇಡ. 2019ರಲ್ಲಿ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 8.5ರಷ್ಟು ಮಂದಿ ತಂಬಾಕನ್ನು ಒಂದಲ್ಲ ಒಂದು ರೂಪದಲ್ಲಿ ಬಳಸುತ್ತಿದ್ದರು. ಬೀಡಿ ಸೇದುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅದನ್ನು ಮೊದಲು ಮುಟ್ಟಿದ್ದು 10 ವರ್ಷ ತುಂಬುವ ಮುನ್ನ. ಅದೇ ವರ್ಷ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಿದ್ಧಪಡಿಸಿದ ರಾಷ್ಟ್ರೀಯ ವರದಿಯಲ್ಲಿ ಇನ್ನೊಂದು ಕಳವಳಕಾರಿ ಅಂಶವಿದೆ. ಮದ್ಯ, ಗಾಂಜಾ, ಅಫೀಮು ಇತ್ಯಾದಿ ಎಲ್ಲದರಲ್ಲಿ ವಯಸ್ಕರು ಮುಂದಿದ್ದರೆ, ಮೂಸುವ ಅಮಲಿನಲ್ಲಿ ಮಾತ್ರ ಮಕ್ಕಳೇ ಮುಂದು: ವಯಸ್ಕರಲ್ಲಿ ಶೇ. 0.58, ಮಕ್ಕಳಲ್ಲಿ ಶೇ. 1.17. ಸೈಕಲ್ ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್, ಬಣ್ಣಕ್ಕೆ ಬೆರೆಸುವ ಥಿನ್ನರ್, ಬರಹ ಅಳಿಸುವ ವೈಟ್ನರ್, ಪೆಟ್ರೋಲ್ ಇವೆಲ್ಲ ಅಗ್ಗ, ಸುಲಭ. ಇಟ್ಟುಕೊಂಡರೆ ಯಾರಿಗೂ ಸಂಶಯವಿಲ್ಲ. ಆದರೆ ಆ ಆವಿಯನ್ನು ಎಳೆದುಕೊಂಡಾಗ ಹೃದಯದ ಬಡಿತ ಲಯ ತಪ್ಪಿ, ಮೊದಲ ಸಲವೇ ಪ್ರಾಣ ಹೋಗುವ ಸಂಭವವುಂಟು.

ಎಳೆಯ ವಯಸ್ಸಿಗೆ ಈ ಅಪಾಯ ಏಕೆ ಹೆಚ್ಚು? ಮನುಷ್ಯನ ಮಿದುಳು ಒಂದೇ ಸಮನೆ ಬಲಿಯುವುದಿಲ್ಲ. ಸುಖವನ್ನೂ ಉದ್ವೇಗವನ್ನೂ ಬಯಸುವ ಭಾಗ ಹದಿಹರೆಯದ ಆರಂಭದಲ್ಲಿಯೇ ಚುರುಕಾಗುತ್ತದೆ. ಹಣೆಯ ಹಿಂಭಾಗದಲ್ಲಿರುವ, ವಿವೇಚಿಸುವ, ‘ಸಾಕು’ ಎನ್ನುವ ಭಾಗ ಪಕ್ವಗೊಳ್ಳಲು ಸುಮಾರು 25 ವರ್ಷ ಬೇಕು. ಕುದುರೆಗೆ ಬಲ ಬಂದಿದೆ, ಕಡಿವಾಣ ಇನ್ನೂ ತಯಾರಾಗಿಲ್ಲ. ಈ ಕಾಲದಲ್ಲಿ ಮಿದುಳು ಕಲಿತದ್ದನ್ನು ಬಲವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಪಾಠವನ್ನೂ ಹಾಗೆಯೇ, ಅಮಲನ್ನೂ ಹಾಗೆಯೇ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 15 ವರ್ಷಕ್ಕೆ ಮುನ್ನ ಕುಡಿಯಲಾರಂಭಿಸಿದವರು ಮದ್ಯಕ್ಕೆ ದಾಸರಾಗುವ ಸಂಭವ, 20 ದಾಟಿದ ಮೇಲೆ ಆರಂಭಿಸಿದವರಿಗಿಂತ 4 ಪಟ್ಟು ಹೆಚ್ಚು. ‘ಗಾಂಜಾ ಸೊಪ್ಪಲ್ಲವೇ, ಅದರಿಂದೇನು ಹಾನಿ’ ಎನ್ನುವ ಮಾತನ್ನು ಕಾಲೇಜು ಹುಡುಗರಿಂದ ನಾನು ಕೇಳಿದ್ದೇನೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. 18 ವರ್ಷದೊಳಗೆ 50ಕ್ಕಿಂತ ಹೆಚ್ಚು ಬಾರಿ ಗಾಂಜಾ ಸೇದಿದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಘೋರ ಮನೋರೋಗ, ಸೇದದವರಿಗಿಂತ 6 ಪಟ್ಟು ಅಧಿಕವಾಗಿ ಕಂಡುಬಂದಿತು. ರೋಗಕ್ಕೆ ಗಾಂಜಾ ಒಂದೇ ಕಾರಣವೆಂದು ಇದರ ಅರ್ಥವಲ್ಲ. ಆದರೆ ಮನೆತನದಲ್ಲಿ ಮನೋರೋಗದ ಹಿನ್ನೆಲೆಯಿರುವ ಮಗುವಿಗೆ ಅದು ಒಣಹುಲ್ಲಿಗೆ ಕಿಡಿ ತಾಗಿದಂತೆ.

ಅಂಕಿಅಂಶಗಳನ್ನು ಬಿಟ್ಟು ನಮ್ಮ ಮನೆಗಳ ಕಡೆ ತಿರುಗೋಣ. ಕೆಲವು ವರ್ಷಗಳ ಹಿಂದೆ, ವಾರದ ದಿನದ ಪೂಜೆ ಮುಗಿದು ಎಲ್ಲರೂ ಹೊರಟುಹೋಗುವ ತನಕ ಕಾದು, ಒಬ್ಬ ತಾಯಿ ನನ್ನ ಬಳಿಗೆ ಬಂದರು. ಪತಿ ಕೊಲ್ಲಿ ರಾಷ್ಟ್ರದಲ್ಲಿ ಉದ್ಯೋಗಿ; ಮಗ ಪಿಯುಸಿ ವಿದ್ಯಾರ್ಥಿ. ಆಕೆ ಆಡಿದ ಮೊದಲ ಮಾತು ಮಗನನ್ನು ಕುರಿತದ್ದಾಗಿರಲಿಲ್ಲ. “ಫಾದರ್, ದಯವಿಟ್ಟು ಯಾರಿಗೂ ಹೇಳಬೇಡಿ” ಎಂದರು. ಅನಂತರವೇ ಅಳು, ಅನಂತರವೇ ವಿಷಯ. ಮಗ ಗಾಂಜಾ ಸೇದುವುದು ಆಕೆಗೆ ತಿಳಿದು 7 ತಿಂಗಳಾಗಿತ್ತು. ಗಂಡನಿಗೆ ತಿಳಿಸಿರಲಿಲ್ಲ, ತವರಿಗೆ ತಿಳಿಸಿರಲಿಲ್ಲ, ವೈದ್ಯರ ಬಳಿ ಹೋಗಿರಲಿಲ್ಲ. ದೊಡ್ಡ ಮಗಳಿಗೆ ಸಂಬಂಧ ನೋಡುತ್ತಿದ್ದ ಕಾಲವದು. ಹುಡುಗನ ಸಹಪಾಠಿಗಳಿಗೆ, ಬಸ್ಸು ತಂಗುದಾಣದ ಬಳಿಯ ಗೂಡಂಗಡಿಯವನಿಗೆ, ನೆರೆಮನೆಯವರಿಗೆ ಎಲ್ಲ ಗೊತ್ತಿದ್ದ ಗುಟ್ಟನ್ನು ಆ ತಾಯಿ ಒಬ್ಬರೇ 7 ತಿಂಗಳು ಕಾಯ್ದಿದ್ದರು. ಆಕೆಯನ್ನು ದೂಷಿಸಲು ಈ ಮಾತು ಬರೆಯುತ್ತಿಲ್ಲ. ಆಕೆ ಹೆದರಿದ್ದು ನಮಗೆ, ನಮ್ಮ ನಾಲಿಗೆಗೆ. ಕಾಯಿಲೆ ಬಿದ್ದ ಮಗುವಿನ ತಾಯಿ ಆಸ್ಪತ್ರೆಗೆ ಹೋಗುವ ಮುನ್ನ ಊರಿನವರ ಮುಖ ನೋಡಬೇಕಾದ ಸ್ಥಿತಿಯನ್ನು ತಂದಿಟ್ಟವರು ಯಾರೆಂದು ನಾವೇ ಕೇಳಿಕೊಳ್ಳಬೇಕು.

ನನ್ನ ಸ್ವಂತ ತಪ್ಪೊಂದನ್ನೂ ಇಲ್ಲಿ ಒಪ್ಪಿಕೊಳ್ಳುವುದು ನ್ಯಾಯ. ಗುರುದೀಕ್ಷೆ ಪಡೆದ ಹೊಸತರಲ್ಲಿ, ಹತ್ತನೆಯ ತರಗತಿಯ ಹುಡುಗನೊಬ್ಬ ಗೆಳೆಯರೊಡನೆ ಕುಡಿದು ತೂರಾಡುತ್ತಿದ್ದುದನ್ನು ನಾನೇ ಕಂಡೆ. ಅವನೊಡನೆ ಒಂದು ಮಾತೂ ಆಡದೆ, ನೇರವಾಗಿ ಅವನ ತಂದೆಗೆ ತಿಳಿಸಿ, ಕರ್ತವ್ಯ ಮುಗಿಯಿತೆಂದುಕೊಂಡೆ. ತಂದೆ ಸೊಂಟದ ಬೆಲ್ಟು ಬಿಚ್ಚಿ ಹೊಡೆದರು. ಆ ಹುಡುಗ ಮತ್ತೆ ದೇವಾಲಯದ ಮೆಟ್ಟಿಲು ಹತ್ತಲಿಲ್ಲ, ಕುಡಿತವನ್ನೂ ಬಿಡಲಿಲ್ಲ. ಮರೆಯಾಗಿ ಕುಡಿಯುವುದನ್ನು ಕಲಿತ, ಅಷ್ಟೇ. ತತ್ವಶಾಸ್ತ್ರದ ತರಗತಿಯಲ್ಲಿ ಸಂಕಲ್ಪ ಸ್ವಾತಂತ್ರ್ಯವನ್ನು ಕುರಿತು ಪುಟಗಟ್ಟಲೆ ಬರೆದಿದ್ದ ನನಗೆ, ಹೆದರಿಸಿದ ಮಗುವಿನಲ್ಲಿ ಸಂಕಲ್ಪ ಬಲಿಯುವುದಿಲ್ಲವೆಂಬ ಸರಳ ಸತ್ಯ ತಿಳಿಯಲು ಅಷ್ಟು ಕಾಲ ಬೇಕಾಯಿತು.

ಹಾಗಾದರೆ ಹೆತ್ತವರು ಮಾಡಬೇಕಾದುದೇನು? ಈ ಪ್ರಶ್ನೆಗೆ ಒಂದು ಇಡೀ ದೇಶವೇ ಉತ್ತರ ಕಂಡುಕೊಂಡ ಉದಾಹರಣೆಯಿದೆ. 1998ರಲ್ಲಿ ಐಸ್‌ಲ್ಯಾಂಡ್ ದೇಶದ 15-16 ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 42ರಷ್ಟು ಮಂದಿ ಹಿಂದಿನ ಒಂದು ತಿಂಗಳಿನಲ್ಲಿ ಮತ್ತೇರುವಷ್ಟು ಕುಡಿದಿದ್ದೆವೆಂದು ಹೇಳಿದ್ದರು. 2016ರ ವೇಳೆಗೆ ಆ ಪ್ರಮಾಣ ಶೇ. 5ಕ್ಕೆ ಇಳಿಯಿತು. ದಿನವೂ ಸಿಗರೇಟು ಸೇದುವವರು ಶೇ. 23ರಿಂದ ಶೇ. 3ಕ್ಕೆ ಇಳಿದರು. ಇದು ಭಾಷಣಗಳಿಂದಲೋ ಭಿತ್ತಿಪತ್ರಗಳಿಂದಲೋ ಆದದ್ದಲ್ಲ. ಮಕ್ಕಳು ರಾತ್ರಿ ಇಂತಿಷ್ಟು ಹೊತ್ತಿಗೆ ಮನೆಯಲ್ಲಿರಬೇಕೆಂಬ ನಿಯಮವನ್ನು ಪಾಲಿಸಲಾಯಿತು. ಆಟೋಟ, ಸಂಗೀತ, ಕಲೆಗಳಿಗೆ ಪ್ರತಿ ಮಗುವಿಗೂ ಅವಕಾಶ, ಹಣದ ನೆರವು ದೊರೆಯಿತು. ಒಂದು ಶಾಲೆಯ ಹೆತ್ತವರೆಲ್ಲ ಸೇರಿ, ನಮ್ಮ ಮಕ್ಕಳಿಗೆ ಮದ್ಯ ಕೊಡುವುದಿಲ್ಲ, ದೊಡ್ಡವರಿಲ್ಲದ ಕೂಟಗಳಿಗೆ ಬಿಡುವುದಿಲ್ಲ ಎಂದು ಪರಸ್ಪರ ಮಾತು ಕೊಟ್ಟುಕೊಂಡರು. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳೊಡನೆ ಹೆತ್ತವರು ಕಳೆಯುವ ಸಮಯ ಹೆಚ್ಚಿತು. ವಾರದ ದಿನಗಳಲ್ಲಿ ಆಗಾಗ್ಗೆ ಹೆತ್ತವರೊಡನೆ ಸಮಯ ಕಳೆಯುತ್ತೇವೆಂದ ಮಕ್ಕಳ ಪ್ರಮಾಣ 1997ರಲ್ಲಿ ಶೇ. 23 ಇದ್ದದ್ದು 2012ರಲ್ಲಿ ಶೇ. 46 ಆಯಿತು. ಅವರದು ಚಿಕ್ಕ ದೇಶ, ಶ್ರೀಮಂತ ದೇಶ ನಿಜ. ಆದರೆ ರಾತ್ರಿಯ ಊಟಕ್ಕೆ ಒಟ್ಟಿಗೆ ಕುಳಿತುಕೊಳ್ಳಲು, ಟಿವಿ ಮೊಬೈಲುಗಳನ್ನು ಬದಿಗಿಟ್ಟು ಮಗುವಿನ ಮಾತಿಗೆ ಕಿವಿಗೊಡಲು ಶ್ರೀಮಂತಿಕೆ ಬೇಕಿಲ್ಲ.

ಕೊಲ್ಲಿಯಲ್ಲಿ ದುಡಿಯುವ ತಂದೆ ದಿನವೂ ಕರೆ ಮಾಡುತ್ತಾನೆ. ‘ಮಾರ್ಕು ಎಷ್ಟು ಬಂತು, ಹಣ ತಲುಪಿತೇ’ ಎಂಬ ಎರಡು ಪ್ರಶ್ನೆಗಳ ಜೊತೆಗೆ ‘ಇಂದು ಯಾರೊಡನೆ ಆಡಿದೆ, ಮನಸ್ಸಿಗೆ ಏನಾದರೂ ಬೇಸರವೇ’ ಎಂಬ ಮೂರನೆಯ ಪ್ರಶ್ನೆಯನ್ನೂ ಕೇಳಲಿ. ಮಗನ ನಾಲ್ವರು ಗೆಳೆಯರ ಹೆಸರನ್ನೂ ಅವರ ಮನೆಯನ್ನೂ ಹೆತ್ತವರು ತಿಳಿದಿರಲಿ. ಕೈಗೆ ಕೊಟ್ಟ ಹಣಕ್ಕೆ, ಫೋನಿನಲ್ಲಿ ಕಳುಹಿಸಿದ ಹಣಕ್ಕೂ, ಸ್ನೇಹದಿಂದಲೇ ಲೆಕ್ಕ ಕೇಳಲಿ. ನಿಯಮಗಳು ಕೆಲವೇ ಇರಲಿ, ಇದ್ದವು ಗಟ್ಟಿಯಾಗಿರಲಿ, ಏಕೆ ಇವೆ ಎಂಬುದು ಮಗುವಿಗೆ ತಿಳಿದಿರಲಿ. ಮಗ ಎಂದು ಬರೆದದ್ದೆಲ್ಲ ಮಗಳಿಗೂ ಅನ್ವಯಿಸುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಪೀಪಾಯಿಯ ಮಾತು. ನಮ್ಮ ಸಮುದಾಯದಲ್ಲಿ ಮದುವೆಯ ಮುನ್ನಾದಿನದ ರೋಸ್, ಮದುವೆಯ ಟೋಸ್ಟು, ನಾಮಕರಣ, ಊರ ಹಬ್ಬ, ಕಡೆಗೆ ಮರಣದ ಮನೆಯ ಊಟದಲ್ಲಿಯೂ ಬಾಟಲಿಗೆ ಒಂದು ಸ್ಥಾನವಿದೆ. ‘ಇವತ್ತೊಂದು ದಿನ, ಒಂದು ಗುಟುಕು’ ಎಂದು 14 ವರ್ಷದ ಹುಡುಗನ ಲೋಟಕ್ಕೆ ಬಿಯರು ಸುರಿಯುವ ಚಿಕ್ಕಪ್ಪ, ಮಾವಂದಿರನ್ನು ಕಂಡು ನಾವೆಲ್ಲ ನಕ್ಕಿದ್ದೇವೆ. ಅದು ನಗುವ ವಿಷಯವಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಂತೆ, ವೈದ್ಯರ ಆದೇಶವಿಲ್ಲದೆ 18 ವರ್ಷದೊಳಗಿನ ಮಗುವಿಗೆ ಮದ್ಯ, ತಂಬಾಕು ಅಥವಾ ಮಾದಕ ದ್ರವ್ಯ ಕೊಡುವವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಈ ಕಲಮಿನಲ್ಲಿ ನೆಂಟರಿಗೆ ವಿನಾಯಿತಿಯಿಲ್ಲ. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ತಂಬಾಕು ಮಾರಾಟಕ್ಕೆ ವಯೋಮಿತಿಯನ್ನು 18ರಿಂದ 21ಕ್ಕೆ ಏರಿಸಿದೆ, ಹುಕ್ಕಾ ಬಾರುಗಳನ್ನು ನಿಷೇಧಿಸಿದೆ. ಅಂಗಡಿಯವನು ಕಾನೂನು ಮುರಿದರೆ ದೂರು ಕೊಡುವ ಹಕ್ಕು ನಮಗಿದೆ. ಆದರೆ ತಂದೆಯ ಸಿಗರೇಟನ್ನು ತರಲು ಮಗನನ್ನೇ ಅಂಗಡಿಗೆ ಅಟ್ಟುವ ಮನೆಗೆ ಆ ಹಕ್ಕಿನ ಬಲವೆಲ್ಲಿಂದ ಬರಬೇಕು? ಮಕ್ಕಳು ನಮ್ಮ ಉಪದೇಶವನ್ನು ಮರೆಯುತ್ತಾರೆ. ಸಂಜೆ ನಮ್ಮ ಕೈಯಲ್ಲಿದ್ದ ಲೋಟವನ್ನು ಮರೆಯುವುದಿಲ್ಲ.

ಎಚ್ಚರಿಕೆಯ ಲಕ್ಷಣಗಳನ್ನು ಹೆತ್ತವರು ತಿಳಿದಿರಬೇಕು. ಹಳೆಯ ಗೆಳೆಯರನ್ನು ಬಿಟ್ಟು ಹೆಸರು ಹೇಳಲೊಲ್ಲದ ಹೊಸಬರ ಸಂಗ, ಇದ್ದಕ್ಕಿದ್ದಂತೆ ಕುಸಿಯುವ ಅಂಕಗಳು, ಕೆಂಪೇರಿದ ಕಣ್ಣು, ಬಟ್ಟೆಗೆ ಅಂಟಿದ ಥಿನ್ನರಿನ ವಾಸನೆ, ತಲೆಕೆಳಗಾದ ನಿದ್ರೆ, ಮನೆಯಲ್ಲಿ ಕಾಣೆಯಾಗುವ ಹಣ, ಕೋಣೆಯಲ್ಲಿ ಸಿಗುವ ಕೆಮ್ಮಿನ ಔಷಧಿಯ ಖಾಲಿ ಬಾಟಲಿಗಳು. ಇವುಗಳಲ್ಲಿ ಒಂದೆರಡು ಕಂಡೊಡನೆ ತೀರ್ಪು ಕೊಡಬಾರದು. ಸಿಡುಕು, ಮೌನ, ಒಂಟಿತನ ಆ ವಯಸ್ಸಿನ ಸಹಜ ಗುಣಗಳೂ ಹೌದು. ಆದರೆ ಹಲವು ಒಟ್ಟಿಗೆ ಕಂಡು, ವಾರಗಟ್ಟಲೆ ಉಳಿದರೆ ಕೇಳಲೇಬೇಕು.

ಕೇಳುವ ರೀತಿಯಲ್ಲೇ ಅರ್ಧ ಚಿಕಿತ್ಸೆಯಿದೆ. ಅಮಲಿನಲ್ಲಿರುವಾಗ ವಾದ ಬೇಡ; ಮರುದಿನ ಅವನು ಹದದಲ್ಲಿರುವಾಗ, ತಂದೆ ತಾಯಿ ಒಂದೇ ಮನಸ್ಸಿನಿಂದ, ತಂಗಿ ತಮ್ಮಂದಿರ ಎದುರಲ್ಲದೆ, ಕುಳಿತು ಮಾತಾಡಬೇಕು. ‘ನಮ್ಮ ಮಾನ ಕಳೆದೆ’ ಎಂದು ಆರಂಭಿಸಿದರೆ ಮಾತು ಅಲ್ಲಿಗೇ ಮುಗಿಯಿತು. ‘ನಿನ್ನ ಬಗ್ಗೆ ಹೆದರಿಕೆಯಾಗಿದೆ ಮಗಾ, ಏನು ನಡೆಯುತ್ತಿದೆ ಹೇಳು’ ಎಂದರೆ ಬಾಗಿಲು ತೆರೆದೀತು. ಹೇಳಿದ್ದನ್ನು ಪೂರ್ತಿ ಕೇಳಬೇಕು. ಅದರ ಹಿಂದೆ ಹೆತ್ತವರಿಗೆ ತಿಳಿಯದ ನೋವಿರಬಹುದು: ಹಾಸ್ಟೆಲಿನ ಕಿರುಕುಳ, ಸೋಲಿನ ಅವಮಾನ, ಮನೆಯೊಳಗಿನ ನಿತ್ಯದ ಜಗಳ.

ಅಷ್ಟರಿಂದ ಸರಿಹೋಗದಿದ್ದರೆ ತಡಮಾಡದೆ ಮನೋವೈದ್ಯರ ಬಳಿ ಹೋಗಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ಪ್ರತ್ಯೇಕ ಕೇಂದ್ರವಿದೆ. ಮೊದಲ ಹೆಜ್ಜೆಗೆ ಮನೆಯಿಂದ ಹೊರಡಬೇಕೆಂದೂ ಇಲ್ಲ. ಮಾದಕ ವ್ಯಸನಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಯಾವುದೇ ಸಂಕಟಕ್ಕೆ ಟೆಲಿ-ಮಾನಸ್ 14416, ಎರಡೂ ಉಚಿತ. ಪೊಲೀಸರ ಭಯದಿಂದ ಚಿಕಿತ್ಸೆಯನ್ನು ಮುಂದೂಡುವವರು ತಿಳಿಯಬೇಕಾದ ಮಾತೊಂದಿದೆ. 1985ರ ಮಾದಕ ದ್ರವ್ಯ ಕಾಯ್ದೆಯ 64-ಎ ಕಲಮು, ಸೇವನೆಯ ಅಥವಾ ಅಲ್ಪಪ್ರಮಾಣದ ಆರೋಪ ಎದುರಿಸುವ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕೆಂಬುದಷ್ಟೇ ಷರತ್ತು. ಎರಡು ಅಪಾಯಗಳ ಬಗ್ಗೆ ಎಚ್ಚರವಿರಲಿ. ‘ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ’ ಎಂದು ಜಾಹೀರಾತು ಕೊಡುವ ಪುಡಿಗಳನ್ನು ನಂಬಬೇಡಿ. ಕುಡಿತ ಬಿಡಿಸುವ ಕೆಲವು ಮದ್ದುಗಳು, ತಿಳಿಯದೆ ಮೇಲೆ ಮದ್ಯ ಸೇವಿಸಿದವನ ಪ್ರಾಣಕ್ಕೇ ಕುತ್ತು ತರಬಲ್ಲವು. ಬಹಳ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಅಪಸ್ಮಾರದಂತಹ ಸೆಳೆತ ಬಂದೀತು. ಚೇತರಿಸಿಕೊಂಡವನು ಮತ್ತೆ ಜಾರುವುದು ಅಪರೂಪವಲ್ಲ. ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಮತ್ತೆ ಏರಿದರೆ ವೈದ್ಯರ ಬಳಿ ಹೋಗುತ್ತೇವಲ್ಲದೆ ಮನೆಯಿಂದ ಹೊರಹಾಕುವುದಿಲ್ಲ.

ವ್ಯಸನ ಪಾಪವೋ ರೋಗವೋ ಎಂಬ ಪ್ರಶ್ನೆಯನ್ನು ಹಲವರು ನನ್ನೊಡನೆ ಎತ್ತುತ್ತಾರೆ. ಮೊದಲ ಗುಟುಕಿನಲ್ಲಿ ಆಯ್ಕೆಯಿದೆ, ಆದ್ದರಿಂದ ಹೊಣೆಯೂ ಇದೆ. ಆದರೆ ಅಭ್ಯಾಸವೂ ಅತಿಮೋಹವೂ ಮನುಷ್ಯನ ಹೊಣೆಗಾರಿಕೆಯನ್ನು ಕುಗ್ಗಿಸಬಲ್ಲವೆಂದು ಧರ್ಮಸಭೆಯ ಬೋಧನೆಯೇ ಒಪ್ಪುತ್ತದೆ. ಇಚ್ಛಾಶಕ್ತಿಯೇ ಕಾಯಿಲೆ ಬಿದ್ದವನಿಗೆ ‘ಮನಸ್ಸು ಮಾಡಿ ಬಿಡು’ ಎನ್ನುವುದು, ಕಾಲು ಮುರಿದವನಿಗೆ ‘ಎದ್ದು ಆಸ್ಪತ್ರೆಗೆ ನಡೆ’ ಎಂದಂತೆ. ಯಾರಾದರೂ ಕೈಹಿಡಿದು ಎಬ್ಬಿಸಬೇಕು. ಆ ಕೈ ಮೊದಲು ಹೆತ್ತವರದು, ಅವರ ಬೆನ್ನ ಹಿಂದೆ ನಮ್ಮೆಲ್ಲರದು. ಇಂಥ ಕುಟುಂಬವೊಂದು ನಮ್ಮ ವಾಳೆಯಲ್ಲಿದ್ದರೆ ಅವರ ಮಾತನ್ನು ಅವರ ಬೆನ್ನ ಹಿಂದೆ ಆಡದಿರುವುದೇ ನಾವು ಮಾಡಬಹುದಾದ ಮೊದಲ ಸೇವೆ.

ದುಂದುಗಾರ ಮಗನ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡನಂತೆ. ದೂರದಲ್ಲಿರುವಾಗಲೇ ಕಾಣಬೇಕಾದರೆ ಅವನು ದಿನವೂ ದಾರಿ ನೋಡುತ್ತಿದ್ದಿರಬೇಕು. ಕಂಡೊಡನೆ ಓಡಿದನಂತೆ, ಊರಿನ ಗೌರವಸ್ಥ ಹಿರಿಯನೊಬ್ಬ ನಾಲ್ಕು ಜನರೆದುರು ಹಾಗೆ ಓಡುವುದು ಮರ್ಯಾದೆಯೇ ಎಂದು ಅವನು ಯೋಚಿಸಲಿಲ್ಲ. ನನ್ನ ಬಳಿಗೆ ಬಂದ ಆ ತಾಯಿ ಮರುವಾರವೇ ಪತಿಗೆ ವಿಷಯ ತಿಳಿಸಿದರು. ಆತ ರಜೆ ಹಾಕಿ ಊರಿಗೆ ಬಂದರು. ಮೂವರೂ ಕೂಡಿ ವೈದ್ಯರಲ್ಲಿಗೆ ಹೋದರು. ಹುಡುಗ ನಡುವೆ ಎರಡು ಬಾರಿ ಜಾರಿದ, ಎರಡು ಬಾರಿಯೂ ಎದ್ದ. ಒಂದು ವರ್ಷ ಕಳೆದುಕೊಂಡು ಓದು ಮುಗಿಸಿದ. ಅಕ್ಕನ ಮದುವೆಯೂ ನಡೆಯಿತು. ಆ ಮದುವೆಯ ಟೋಸ್ಟಿಗೆ ಅವರು ಲೋಟಗಳಲ್ಲಿ ಇಟ್ಟದ್ದು ಪುನರ್ಪುಳಿಯ ಪಾನಕ. ಯಾರ ಮಾನವೂ ಅದರಿಂದ ಹೋಗಲಿಲ್ಲ.